ಅರ್ಧ ಗಂಟೆಯ ಬಿಡುವಿನಲ್ಲಿ ಒಂದು ಒಳ್ಳೆ ಊಟ

ನಮ್ಮ ಕೋಲಾರದ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವವರಿಗೆ ಮಧ್ಯಾಹ್ನದ ಊಟ ದಿನಾ ತಲೆನೋವು. ಸಿಗುವುದು ಅರ್ಧ ಗಂಟೆ. ಗೇಟಿನಾಚೆ ಹೋಟೆಲುಗಳಿಗೇನೂ ಬರವಿಲ್ಲ. ಗೋಡೆ ಮೇಲಿನ ಪಟ್ಟಿಯಲ್ಲಿ ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್ ಎಲ್ಲವೂ ಇರುತ್ತದೆ. ಕೇಳಿದರೆ "ಐದೇ ನಿಮಿಷ ಸಾರ್" ಅನ್ನುತ್ತಾರೆ. ಅದು ಇಪ್ಪತ್ತಾಗುತ್ತದೆ. ಕೊನೆಗೆ ಎಣ್ಣೆ ಇಳಿಯುವ ಫ್ರೈಡ್ ರೈಸ್ ಗಬಗಬ ತಿಂದು ಓಡಬೇಕು. ಮೂರು ಗಂಟೆಗೆ ಕಾರ್ಖಾನೆ ಲೈನಿನಲ್ಲಿ ನಿಂತಿದ್ದಾಗಲೇ ಕಣ್ಣು ಎಳೆಯುತ್ತದೆ.

ಕಂಪನಿ ಕೆಲಸದ ಮೇಲೆ ಸ್ವಲ್ಪ ಕಾಲ ವಿಯೆಟ್ನಾಂನ ಬಾಕ್ ನಿನ್ ಕಡೆ ಇದ್ದೆ. ಹನೋಯ್ ಪಕ್ಕದಲ್ಲೇ ಇದೆ. 2009ರಲ್ಲಿ ಸ್ಯಾಮ್‌ಸಂಗ್ ಅಲ್ಲಿ ಫೋನ್ ಕಾರ್ಖಾನೆ ಶುರು ಮಾಡಿತು. ಈಗ ಎಲ್ಲಿ ನೋಡಿದರೂ ಕಾರ್ಖಾನೆ, ಬಾಡಿಗೆ ರೂಮು, ಶಿಫ್ಟ್ ಬಸ್ಸು. ನಮ್ಮ ನರಸಾಪುರ, ವೇಮಗಲ್ ಥರಾನೇ. ಬಿಡುವೂ ಹೆಚ್ಚುಕಮ್ಮಿ ನಮ್ಮಷ್ಟೇ. ಆದರೆ ಅಲ್ಲಿ ಊಟ ಮಾಡಿ ಬಂದರೆ ಹೊಟ್ಟೆ ಹಗುರ, ಕೈಯಲ್ಲಿ ಇನ್ನೂ ಹತ್ತು ನಿಮಿಷ ಉಳಿದಿರುತ್ತಿತ್ತು.

'ಕಮ್ ಬಿನ್ ಜಾನ್' ಅಂತ ಅಂಗಡಿಗಳಿವೆ. ಸಾಮಾನ್ಯ ಜನರ ಅನ್ನದ ಹೋಟೆಲು. ಮುಂದೆ ಟ್ರೇಗಳಲ್ಲಿ ಎಲ್ಲ ಮಾಡಿಟ್ಟಿರುತ್ತಾರೆ. ಹುರಿದ ಮೀನು, ಆಮ್ಲೆಟ್, ಟೊಮೆಟೊ ಗೊಜ್ಜಿನಲ್ಲಿ ಬೆಂದ ತೋಫು, ಹಂದಿ ಮಾಂಸ, ಬೇಯಿಸಿದ ಸೊಪ್ಪು. ಭಾಷೆ ಬೇಕಿಲ್ಲ, ಬೆರಳು ತೋರಿಸಿದರೆ ಸಾಕು. ಕೂತ ಎರಡು ನಿಮಿಷಕ್ಕೆ ತಟ್ಟೆ ಮುಂದಿರುತ್ತದೆ. ಸುಮಾರು 35,000 ಡಾಂಗ್. ಗಾಬರಿಯಾಗಬೇಡಿ, ನಮ್ಮ 120 ರೂಪಾಯಿಯಷ್ಟೇ.

ನನ್ನನ್ನು ಹಿಡಿದಿಟ್ಟಿದ್ದು ಅದರ ಜೊತೆ ಕೊಡುವ ಒಂದು ಬಟ್ಟಲು ತಿಳಿ. ಮೊದಲ ದಿನ ಇದೇನಪ್ಪಾ ಬರೀ ಹಸಿರು ನೀರು ಅನ್ನಿಸಿತು. ಸೊಪ್ಪು ಬೇಯಿಸಿ ಬಸಿದ ನೀರದು! ಸ್ವಲ್ಪ ಉಪ್ಪು, ಸ್ವಲ್ಪ ಹುಳಿ, ಅಷ್ಟೇ. ಸೊಪ್ಪು ಒಂದು ಕಡೆ, ಬಸಿದ ನೀರು ಇನ್ನೊಂದು ಕಡೆ. ಕೋಲಾರದವನಿಗೆ ಇದನ್ನು ಬಿಡಿಸಿ ಹೇಳಬೇಕಾ? ನಮ್ಮ ಬಸ್ಸಾರು, ಪಲ್ಯದ ಲೆಕ್ಕವೇ. ನಮ್ಮಲ್ಲಿ ಖಾರ ರುಬ್ಬಿ ಹಾಕುತ್ತೇವೆ, ಅವರು ಹಾಕುವುದಿಲ್ಲ. ನನ್ನ ಕೇಳಿದರೆ ನಮ್ಮದೇ ರುಚಿ. ಆದರೆ ಬಿಸಿಲಿನ ಮಧ್ಯಾಹ್ನಕ್ಕೆ ಅವರದ್ದು ಸರಿ.

ಫೋ, ಅಂದರೆ ಅಲ್ಲಿಯ ನೂಡಲ್ಸ್ ಸಾರಿನ ಬಗ್ಗೆ ಎಲ್ಲರೂ ಬರೆದಿದ್ದಾರೆ. ಮೂಳೆಯ ಸಾರು ಗಂಟೆಗಟ್ಟಲೆ ಮೊದಲೇ ಕುದ್ದಿರುತ್ತದೆ. ಗಿರಾಕಿ ಬಂದಾಗ ಅಕ್ಕಿ ನೂಡಲ್ಸ್ ಬಿಸಿನೀರಲ್ಲಿ ಅದ್ದಿ ತೆಗೆದು, ಸಾರು ಸುರಿದು ಕೊಡುವುದಷ್ಟೇ ಕೆಲಸ. ಬಾನ್ ಮಿ, ಅಂದರೆ ಫ್ರೆಂಚರು ಬಿಟ್ಟುಹೋದ ಬ್ರೆಡ್ಡಿಗೆ ಉಪ್ಪಿನಕಾಯಿ ಮೂಲಂಗಿ, ಕ್ಯಾರೆಟ್, ಕೊತ್ತಂಬರಿ, ಮಾಂಸ ತುಂಬಿದ್ದು, ಇನ್ನೂ ಬೇಗ ಸಿಗುತ್ತದೆ. ಆದರೆ ಅನ್ನ ತಿನ್ನುವ ಹೊಟ್ಟೆಗೆ ಅದು ಟಿಫನ್, ಊಟ ಅಲ್ಲ.

ಮೀನಿನ ಸಾಸ್ ವಾಸನೆಗೆ ನಮ್ಮ ತಂಡದ ಬೆಂಗಳೂರಿನ ಹುಡುಗರು ಮೂಗು ಮುಚ್ಚುತ್ತಿದ್ದರು. ಮನೆಯಲ್ಲಿ ಕರವಾಡು (ಒಣಮೀನು) ಸಾರು ತಿಂದು ಬೆಳೆದ ನನಗೆ ಅದೇನು ಮಹಾ! ಸಸ್ಯಾಹಾರಿಗಳಿಗೂ ತೊಂದರೆ ಆಗಲಿಲ್ಲ. ಬೌದ್ಧರು ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ಮಾಂಸ ಬಿಡುತ್ತಾರೆ, ಹಾಗಾಗಿ 'ಚಾಯ್' ಅಂತ ಬೋರ್ಡು ಹಾಕಿದ ಶಾಕಾಹಾರಿ ಅಂಗಡಿಗಳೂ ಇವೆ.

ನಾನು ಹೇಳುವುದು ಇಷ್ಟೇ. ಅಲ್ಲಿ ಊಟ ಬೇಗ ಸಿಗುವುದು ಅವರು ಚುರುಕು ಅಂತಲ್ಲ. ಗಿರಾಕಿ ಬಂದ ಮೇಲೆ ಅಡುಗೆ ಶುರು ಮಾಡುವುದಿಲ್ಲ ಅಂತ. ಒಂದೋ ಎಲ್ಲ ಮಾಡಿಟ್ಟಿರುತ್ತಾರೆ, ಇಲ್ಲ ಒಂದೇ ಐಟಂ ಮಾಡುತ್ತಾರೆ. ಬುನ್ ಚಾ (ಅಕ್ಕಿ ಶಾವಿಗೆ ಜೊತೆ ಸುಟ್ಟ ಹಂದಿ ಮಾಂಸ) ಅಂಗಡಿಯಲ್ಲಿ ಬುನ್ ಚಾ, ಫೋ ಅಂಗಡಿಯಲ್ಲಿ ಫೋ. ನಮ್ಮ ಹಳೇ ಮುದ್ದೆ ಹೋಟೆಲು, ಮುಳಬಾಗಿಲು ದೋಸೆ ಅಂಗಡಿ ನಡೆಯುವುದೂ ಹೀಗೇ ಅಲ್ವಾ? ಪನೀರ್ ಬಟರ್ ಮಸಾಲದಿಂದ ಗೋಬಿ ಮಂಚೂರಿವರೆಗೆ ಎಲ್ಲ ಬೇಕು ಅಂತ ಹೊರಟಾಗಲೇ ನಾವು ಕೆಟ್ಟಿದ್ದು. ಬೆಂಗಳೂರಿನಲ್ಲಿ ವಿಯೆಟ್ನಾಂ ಹೋಟೆಲುಗಳಿವೆ. ಆದರೆ ಒಂದು ಬಟ್ಟಲು ಫೋಗೆ ನಮ್ಮ ಮೂರು ದಿನದ ಊಟದ ದುಡ್ಡು ಕೇಳುತ್ತಾರೆ. ಅದು ವಾರಾಂತ್ಯದ ಶೋಕಿ.

ಬಂದ ಮೇಲೆ ಗೇಟಿನ ಹತ್ತಿರದ ಮುದ್ದೆ ಹೋಟೆಲಿನ ಅಕ್ಕನಿಗೆ ಹೇಳಿದೆ: "ಅಕ್ಕಾ, ಬಸ್ಸಾರು ಇದ್ದೇ ಇದೆ. ಒತ್ತು ಶಾವಿಗೆ ಮಾಡಿಡಿ. ಮೇಲೆ ಒಂದು ಹಿಡಿ ಕೊತ್ತಂಬರಿ, ಪುದೀನ, ಅರ್ಧ ನಿಂಬೆಹಣ್ಣು. ಮಧ್ಯಾಹ್ನ ಮುದ್ದೆ ಭಾರ ಅನ್ನುವವರು ತಿಂತಾರೆ." ಅಕ್ಕ ನಕ್ಕರು. "ಅಲ್ಲಣ್ಣಾ, ನೂರು ಜನಕ್ಕೆ ಶಾವಿಗೆ ಒತ್ತೋಕೆ ನೀನು ಬರ್ತೀಯಾ?"

ಪ್ರಶ್ನೆ ಸರಿಯಾಗೇ ಇದೆ. ಅಲ್ಲಿನ ಅಂಗಡಿಯವರೂ ಸಾಮಾನ್ಯವಾಗಿ ತಾವೇ ಒತ್ತುವುದಿಲ್ಲ. ಹನೋಯ್ ಅಂಚಿನಲ್ಲಿ ಫೂ ದೋ ಅಂತ ಹಳ್ಳಿಯಿದೆ, ಬುನ್ ಶಾವಿಗೆ ಮಾಡುವುದೇ ಅಲ್ಲಿಯ ಕಸುಬು. ಆ ದಿನದ್ದು ಆ ದಿನವೇ ಅಂಗಡಿಗಳಿಗೆ ಹೋಗುತ್ತದೆ. ನರಸಾಪುರ, ವೇಮಗಲ್, ಮಾಲೂರು ಸುತ್ತ ದಿನಾ ಬೆಳಿಗ್ಗೆ ಒತ್ತು ಶಾವಿಗೆ ಮಾಡಿ ಕೊಡುವ ಮಹಿಳಾ ಸಂಘದವರು ಯಾರಾದರೂ ಇದ್ದರೆ ಹೇಳಿ. ಅಕ್ಕನನ್ನು ಒಪ್ಪಿಸುವ ಕೆಲಸ ನನ್ನದು.