ಶೆಡ್ಡಿನಲ್ಲಿರುವ ಹೆರಾಲ್ಡ್‌ಗೆ ಧಾರಣೆ ಎಷ್ಟು?

ಕಳೆದ ವಾರ ತೀರ್ಥಹಳ್ಳಿ ಕಡೆಯ ಗೆಳೆಯ ಫೋನ್ ಮಾಡಿದ್ದ. ಅವನ ಅಜ್ಜ ಕೊಂಡಿದ್ದ, ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತು ಇಪ್ಪತ್ತು ವರ್ಷ ಆಯ್ತು. "ಗುಜರಿಯವನು ಬಂದಿದ್ದ ಮಾರಾಯ, ಕೆಜಿ ಲೆಕ್ಕದಲ್ಲಿ ಕೇಳ್ತಾನೆ. ಮಗ ವಿಡಿಯೊ ನೋಡಿ ಕೋಟಿ ಬರುತ್ತೆ ಅಂತಾನೆ. ಯಾರ ಮಾತು ಕೇಳ್ಲಿ?"

ಇಬ್ಬರ ಮಾತೂ ಬೇಡ ಅಂದೆ. ಫೋನಿನಲ್ಲಿ ಎಲ್ಲ ಹೇಳಿ ಮುಗಿಸಲು ಆಗಲಿಲ್ಲ. ಮಲೆನಾಡಿನಲ್ಲಿ ಇನ್ನೂ ಎಷ್ಟೋ ಮನೆಗಳ ಶೆಡ್ಡಿನಲ್ಲಿ ಇಂಥ ಗಾಡಿಗಳಿವೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹುಡುಗ ನೋಡಿದ ವಿಡಿಯೊ ಸುಳ್ಳಲ್ಲ. 2022ರಲ್ಲಿ ಮರ್ಸಿಡಿಸ್‌ನ 1955ರ 300 ಎಸ್‌ಎಲ್‌ಆರ್ ಕೂಪೆ 13.5 ಕೋಟಿ ಯೂರೊಗೆ ಹರಾಜಾಯಿತು. ಅಂದರೆ ಸಾವಿರ ಕೋಟಿ ರೂಪಾಯಿಗೂ ಜಾಸ್ತಿ. ಆದರೆ ಆ ಕಾರು ತಯಾರಾಗಿದ್ದೇ ಎರಡು. 2018ರಲ್ಲಿ 4.84 ಕೋಟಿ ಡಾಲರಿಗೆ ಹೋದ ಫೆರಾರಿ 250 ಜಿಟಿಒ ಕೂಡ ಅಷ್ಟೇ, ಒಟ್ಟು ತಯಾರಾಗಿದ್ದು 36. ಜಾಗ್ವಾರ್ ಇ-ಟೈಪ್ ನೋಡಿ. ಅದರಷ್ಟು ಚೆಂದದ ಕಾರು ಇನ್ನೊಂದಿಲ್ಲ ಅಂತ ನಾನಂತೂ ನಂಬಿದ್ದೇನೆ. ಆದರೆ ಅದು 70 ಸಾವಿರಕ್ಕೂ ಹೆಚ್ಚು ಬಂತು. ಹಾಗಾಗಿ ಬೆಲೆ ಎಷ್ಟೇ ಇದ್ದರೂ ಆ ಫೆರಾರಿಯ ಹತ್ತಿರಕ್ಕೂ ಹೋಗಲ್ಲ.

ಹೆರಾಲ್ಡ್ ಸ್ಪೋರ್ಟ್ಸ್ ಕಾರಲ್ಲ ನಿಜ. ಆದರೆ ಅದೇ ಮನೆತನದ್ದು. ಹೆರಾಲ್ಡ್ ಮೂಲದಲ್ಲಿ ಇಂಗ್ಲೆಂಡಿನ ಟ್ರಯಂಫ್ ಕಂಪನಿಯದು. ಆ ಕಂಪನಿ ಹೆರಾಲ್ಡಿನ ಚಾಸಿಯನ್ನೇ, ಅಂದರೆ ಬಾಡಿ ಕೂರುವ ಕೆಳಗಿನ ಚೌಕಟ್ಟನ್ನೇ, ಗಿಡ್ಡ ಮಾಡಿ, 1962ರಲ್ಲಿ ಸ್ಪಿಟ್‌ಫೈರ್ ಅನ್ನುವ ಎರಡು ಸೀಟಿನ ಓಪನ್ ಕಾರು ಮಾಡಿತು. ಎರಡನ್ನೂ ವಿನ್ಯಾಸ ಮಾಡಿದವರು ಇಟಲಿಯ ಮಿಕೆಲೊಟ್ಟಿ. ಎರಡರಲ್ಲೂ ಬಾನೆಟ್ಟು ಮಡ್‌ಗಾರ್ಡು, ಲೈಟುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಎಂಜಿನ್ನಿನ ಪಕ್ಕ ಚಕ್ರದ ಮೇಲೆ ಕೂತೇ ಕೆಲಸ ಮಾಡಬಹುದು. ಸ್ಪಿಟ್‌ಫೈರ್ 1980ರ ತನಕ ಮೂರು ಲಕ್ಷಕ್ಕೂ ಹೆಚ್ಚು ಬಂತು. ಇವತ್ತಿಗೂ ಬ್ರಿಟನ್ನಿನಲ್ಲಿ ಸಾಮಾನ್ಯ ಸಂಬಳದವರು ಕೊಳ್ಳಬಹುದಾದ ಹಳೇ ಸ್ಪೋರ್ಟ್ಸ್ ಕಾರು ಅದು. ಪೂರ್ತಿ ಬಿಚ್ಚಿ ಸರಿ ಮಾಡಿಸಿದರೆ, ಹಾಕಿದ ದುಡ್ಡು ಮಾರಿದಾಗ ವಾಪಸ್ ಬರುವುದು ಕಷ್ಟ. ನಮ್ಮ ಮದ್ರಾಸಿನ ಹೆರಾಲ್ಡ್ ಲೆಕ್ಕವೂ ಹಾಗೇ. ಈಗ ಅಪರೂಪ ಹೌದು. ಆದರೆ ಅಪರೂಪ ಆದರೆ ಸಾಲದು, ಬೇಕು ಅನ್ನುವವರೂ ಇರಬೇಕು ಅಲ್ವಾ? ಜನ ತಮ್ಮ ಹದಿನೆಂಟನೇ ವಯಸ್ಸಿನಲ್ಲಿ ಆಸೆಪಟ್ಟ ಗಾಡಿಗೆ ನಲವತ್ತೈದು ಐವತ್ತಾದಾಗ ದುಡ್ಡು ಹಾಕ್ತಾರೆ. ಅದಕ್ಕೇ ಇವತ್ತು ಆರ್‌ಎಕ್ಸ್ 100 ಬೈಕಿಗೆ ಆ ಪಾಟಿ ಬೆಲೆ.

ಹಾಗಾದರೆ ಒಂದು ಹೆರಾಲ್ಡಿನ ಬೆಲೆ ನಿಂತಿರುವುದು ಯಾವುದರ ಮೇಲೆ? ನಮ್ಮವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೇ ತೋಟದ ಅಡಿಕೆ, ಸರಕು ಅನ್ನುವ ದರ್ಜೆಗೆ ಒಂದು ಧಾರಣೆ, ರಾಶಿಗೆ ಒಂದು, ಗೊರಬಲಿಗೆ ಇನ್ನೊಂದು. ಕಾರಿಗೂ ಹಾಗೇ. ಎಷ್ಟು ಹಳೇದು ಅನ್ನುವುದಕ್ಕಿಂತ ಹೇಗೆ ಉಳಿದಿದೆ ಅನ್ನುವುದೇ ಮುಖ್ಯ.

ಹತ್ತು ವರ್ಷದ ಹಿಂದೆ ಸಾಗರದ ಹತ್ತಿರ ನಾನೊಂದು ಹೆರಾಲ್ಡ್ ನೋಡಲು ಹೋಗಿದ್ದೆ. ಕೆಂಪು ಬಣ್ಣ ಮಿರಮಿರ ಮಿಂಚುತ್ತಿತ್ತು. ನನಗೆ ಆಗಲೇ ಮನಸ್ಸು ಸೋತಿತ್ತು. ಜೊತೆಗೆ ಬಂದಿದ್ದ ಗ್ಯಾರೇಜ್ ಮೇಸ್ತ್ರಿ ಮಾತಾಡಲಿಲ್ಲ. ಜೇಬಿನಿಂದ ಬಟ್ಟೆ ಸುತ್ತಿದ ಆಯಸ್ಕಾಂತ ತೆಗೆದು ಬಾಗಿಲ ಕೆಳಗೆ ಹಿಡಿದರು. ಅಂಟಲಿಲ್ಲ. ಒಳಗೆ ತಗಡೇ ಇಲ್ಲ, ಬರೀ ಮೆತ್ತಿದ ಪುಟ್ಟಿ. ಆಮೇಲೆ ನೆಲದ ಮೇಲೆ ಮಲಗಿ, ಚಾಸಿಯಿಂದ ಪಕ್ಕಕ್ಕೆ ಚಾಚಿದ ಕಬ್ಬಿಣದ ಕೈಗೆ ಸ್ಕ್ರೂಡ್ರೈವರ್ ಒತ್ತಿದರು. ಹಿಡಿಯ ತನಕ ಒಳಗೆ ಹೋಯಿತು. ಕೆಂಪು ಪುಡಿ ಅವರ ಕೆನ್ನೆ ಮೇಲೆಲ್ಲ ಉದುರಿತು. "ಬಣ್ಣ ನೋಡಬೇಡಿ ಸರ್, ಹೊಟ್ಟೆ ನೋಡಿ" ಅಂದರು. ಸುಮ್ನೆ ವಾಪಸ್ ಬಂದೆವು.

ನಮ್ಮ ಮಳೆ ಗೊತ್ತಲ್ಲ. ಮಣ್ಣಿನ ನೆಲದ ಮೇಲೆ ಕಾರು ನಿಲ್ಲಿಸಿ ಟಾರ್ಪಾಲ್ ಹೊದಿಸಿದರೆ ಕಾಪಾಡಿದಂತೆ ಆಗಲ್ಲ. ನೆಲದ ತೇವ ಮೇಲೇಳುತ್ತದೆ, ಟಾರ್ಪಾಲ್ ಅದನ್ನು ಹೊರಗೆ ಬಿಡಲ್ಲ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಂಟಾಗುತ್ತದೆ, ಬ್ರೇಕ್ ಹಿಡಿದುಕೊಳ್ಳುತ್ತದೆ, ವೈರನ್ನು ಇಲಿ ಕಡಿಯುತ್ತದೆ. ಓಡಿ ಸವೆದ ಕಾರಿಗಿಂತ ನಿಂತು ಕೆಟ್ಟ ಕಾರಿಗೆ ಖರ್ಚು ಜಾಸ್ತಿ. ಬೆಲೆ ಏರಲಿ ಅಂತ ಕಾದು ಕೂತವರ ಕಾರು ಹೀಗೆ ಮಣ್ಣಾಗುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ, ಕಾಗದಪತ್ರ. ಆರ್‌ಸಿ ಪುಸ್ತಕ ಕಳೆದಿದ್ದರೆ ಅರ್ಧ ಬೆಲೆ ಹೋದಂತೆ. 2021ರ ಕೇಂದ್ರದ ನಿಯಮದಲ್ಲಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಆದರೆ ಚಾಸಿ, ಬಾಡಿ, ಎಂಜಿನ್ ದೊಡ್ಡ ಬದಲಾವಣೆ ಇಲ್ಲದೆ ಮೂಲ ರೂಪದಲ್ಲಿರಬೇಕು. ಹಳೇ ನಂಬರನ್ನು ಹಾಗೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ, 'ಎಂವೈ' ಅಂತ ಶುರುವಾಗುವ ನಂಬರ್ ಪ್ಲೇಟು ಕಾರಿನ ಮೇಲೆ ಇವತ್ತೂ ಇರುವುದು ಸಣ್ಣ ವಿಷಯ ಅಲ್ಲ.

ಕೋಟಿ ಬರಲಿ ಅಂತ ಕಾಯುವವರಿಗೆ ಒಂದು ಮಾತು. 1988ರಲ್ಲಿ ಫೆರಾರಿ ಕಂಪನಿ ಕಟ್ಟಿದ ಎಂಜೊ ಫೆರಾರಿ ತೀರಿಕೊಂಡ ಮೇಲೆ ಫೆರಾರಿ ಕಾರುಗಳ ಬೆಲೆ ಆಕಾಶಕ್ಕೆ ಹೋಯಿತು. ಎರಡು ಮೂರು ವರ್ಷದಲ್ಲೇ ಧಡ್ ಅಂತ ಬಿತ್ತು. ಸಾಲ ಮಾಡಿ ಕೊಂಡವರು ಕೆಟ್ಟರು. ಧಾರಣೆ ಏರಿತು ಅಂತ ಗದ್ದೆಗೆಲ್ಲ ಅಡಿಕೆ ಹಾಕಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗುಜರಿ ಯಾಕೆ ಬೇಡ ಅಂದೆ ಅಂದರೆ, ಹೆರಾಲ್ಡಿನ ಬಾಡಿ ತುಂಡು ತುಂಡಾಗಿ ಬೋಲ್ಟ್ ಹಾಕಿ ಕೂರಿಸಿದ್ದು. ಒಂದು ಕಾರು ಪೂರ್ತಿ ಸತ್ತಿದ್ದರೂ ಅದರ ಬಾಗಿಲು, ಗಾಜು, ಬಾನೆಟ್ಟಿನಿಂದ ಇನ್ನೊಂದು ಎದ್ದು ನಿಲ್ಲುತ್ತದೆ. ಗುಜರಿಯವನು ಮೊದಲು ಕತ್ತರಿಸುವುದು ಅದನ್ನೇ.

ಗೆಳೆಯ ನಿನ್ನೆ ಮತ್ತೆ ಫೋನ್ ಮಾಡಿದ್ದ. ಅಟ್ಟದ ಮೇಲಿನ ಟ್ರಂಕಿನಲ್ಲಿ ಆರ್‌ಸಿ ಪುಸ್ತಕ ಸಿಕ್ಕಿದೆ, ಅಜ್ಜನ ಸಹಿ ಸಮೇತ. ಮಾರುವ ಮಾತು ಸದ್ಯಕ್ಕೆ ಎತ್ತಲಿಲ್ಲ. ಭಾನುವಾರ ಮೇಸ್ತ್ರಿಯನ್ನು ಕರೆದುಕೊಂಡು ಹೋಗ್ತಿದ್ದೇನೆ. ಮೊದಲು ಟಾರ್ಪಾಲ್ ತೆಗೆದು, ಜಾಕ್ ಕೊಟ್ಟು, ನಾಲ್ಕೂ ಚಕ್ರ ನೆಲದಿಂದ ಎತ್ತಬೇಕು. ಎಡಗಡೆ ಹೆಡ್‌ಲೈಟಿನ ರಿಂಗು ಇಲ್ಲವಂತೆ. ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಕಾಮೆಂಟಿನಲ್ಲಿ ತಿಳಿಸಿ, ಎಲ್ಲಿದ್ದರೂ ಬಂದು ತಗೊಂಡು ಹೋಗ್ತೇನೆ.