ಲಂಗರು ಎಲ್ಲಿ ಬೀಳುತ್ತದೆ ಅಂತ ಒಮ್ಮೆ ನೋಡಿ

ನಾಲ್ಕು ವರ್ಷದ ಹಿಂದಿನ ಮಾತು. ಸ್ಪೇನಿನ ಮಯೋರ್ಕಾ ದ್ವೀಪದ ದಕ್ಷಿಣಕ್ಕೆ ಒಂದು ಪುಟ್ಟ ಕೊಲ್ಲಿ. ಹಿಂದಿನ ಸಂಜೆ ಕತ್ತಲಾಗುವ ಹೊತ್ತಿಗೆ ಅಲ್ಲಿ ಮುಟ್ಟಿ, ಅವಸರದಲ್ಲಿ ಲಂಗರು ಹಾಕಿ ಮಲಗಿದ್ದೆವು. ಬೆಳಗ್ಗೆ ಹೊರಡಲು ಲಂಗರು ಎತ್ತುವ ಮೋಟರು ಚಾಲೂ ಮಾಡಿದೆವು. ಸರಪಳಿ ಗರಗರ ಅಂತ ಮೇಲೆ ಬಂತು. ಕೊನೆಗೆ ಲಂಗರೂ ಬಂತು. ಅದರ ತುಂಬ ಹುಲ್ಲು. ರಿಬ್ಬನ್ನಿನ ಹಾಗೆ ಉದ್ದುದ್ದ ಹಸಿರು ಎಲೆಗಳು, ಬುಡದಲ್ಲಿ ತೆಂಗಿನ ನಾರಿನಂಥ ಕಂದು ಬಣ್ಣದ ಬೇರಿನ ಗಂಟು. ಒಂದು ದೊಡ್ಡ ಬುಟ್ಟಿ ತುಂಬುವಷ್ಟಿತ್ತು. ಕೋಲಿನಿಂದ ಬಿಡಿಸಿ ನೀರಿಗೆ ಬಿಟ್ಟೆವು. ಅದು ತೇಲಿಕೊಂಡು ಹೋಯಿತು. ನಾವು ಕಾಫಿ ಕುಡಿದು ಮುಂದೆ ಹೋದೆವು.

ಅದು ಏನು ಅಂತ ನನಗೆ ಗೊತ್ತಾದದ್ದು ಮನೆಗೆ ವಾಪಸ್ ಬಂದ ಮೇಲೆ. ಆವತ್ತಿನಿಂದ ಆ ಹುಲ್ಲು ನನ್ನ ತಲೆಯಿಂದ ಹೋಗಿಲ್ಲ. ಕಳೆದ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ದ್ವೀಪಗಳಿಗೆ ಹಾಯಿದೋಣಿಯಲ್ಲಿ ಹೋಗಿ ಬಂದೆವು. ಫೋಟೋ ಹಾಕಿದಾಗ ತುಂಬ ಜನ ಕೇಳಿದಿರಿ, "ಹೇಗೆ ಹೋಗೋದು, ಎಷ್ಟು ಖರ್ಚು" ಅಂತ. ಅದನ್ನು ಇನ್ನೊಮ್ಮೆ ಹೇಳುತ್ತೇನೆ. ಮೊದಲು ಈ ಹುಲ್ಲಿನ ವಿಷಯ ಹೇಳಬೇಕು.

ಅದರ ಹೆಸರು ಪೊಸಿಡೋನಿಯಾ. ಗ್ರೀಕರ ಕಡಲ ದೇವರು ಪೊಸೈಡನ್‌ನ ಹೆಸರು. ಎಲ್ಲರೂ ಪಾಚಿ ಅಂತ ತಿಳಿದಿರುತ್ತಾರೆ, ನಾನೂ ಹಾಗೇ ತಿಳಿದಿದ್ದೆ. ಪಾಚಿ ಅಲ್ಲ. ಬೇರು, ಕಾಂಡ, ಎಲೆ, ಹೂವು, ಕಾಯಿ ಎಲ್ಲ ಇರುವ ಗಿಡ, ನೀರಿನೊಳಗೇ ಹೂ ಬಿಡುತ್ತದೆ. ಇಟಲಿಯವರು ಅದರ ಕಾಯಿಯನ್ನು ಕಡಲ ಆಲಿವ್ ಅನ್ನುತ್ತಾರೆ. ಮೆಡಿಟರೇನಿಯನ್ ಸಮುದ್ರ ಬಿಟ್ಟರೆ ಜಗತ್ತಿನಲ್ಲಿ ಬೇರೆ ಎಲ್ಲೂ ಈ ಜಾತಿ ಬೆಳೆಯುವುದಿಲ್ಲ. ನೀರು ತಿಳಿಯಾಗಿದ್ದರೆ 40 ಮೀಟರ್ ಆಳದವರೆಗೂ ಇರುತ್ತದೆ. ಮೀನು ಮರಿ ಬೆಳೆಯುವುದು ಅದರ ಎಲೆಗಳ ಮರೆಯಲ್ಲಿ.

ಆದರೆ ಬೆಳವಣಿಗೆ ತುಂಬಾ ನಿಧಾನ. ಆ ನಾರಿನ ಕಾಂಡ ನೆಲದ ಮೇಲೆ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹರಡುತ್ತದೆ ಅಷ್ಟೇ. ಒಂದು ಮಾರು ಅಗಲದ ಜಾಗ ಕಿತ್ತುಹೋದರೆ ಅದು ಮತ್ತೆ ತುಂಬಲು ದಶಕಗಳೇ ಬೇಕು. ನಾವು ಹತ್ತು ನಿಮಿಷದಲ್ಲಿ ಬಿಡಿಸಿ ಎಸೆದ ಆ ಬುಟ್ಟಿಯಷ್ಟು ಹುಲ್ಲಿಗೆ ಎಷ್ಟು ವರ್ಷ ಆಗಿತ್ತೋ ಅಂತ ಲೆಕ್ಕ ಹಾಕಲು ಕೂತರೆ ಹೊಟ್ಟೆಯೊಳಗೆ ಹೇಗೋ ಆಗುತ್ತದೆ.

ಲಂಗರು ಕಿತ್ತದ್ದು ಮಾತ್ರ ಅಲ್ಲ. ಲಂಗರು ಹಾಕುವಾಗ ನೀರಿನ ಆಳದ ನಾಲ್ಕೈದು ಪಟ್ಟು ಉದ್ದದ ಸರಪಳಿ ಬಿಡಬೇಕು, ಇಲ್ಲದಿದ್ದರೆ ಅದು ಹಿಡಿಯುವುದಿಲ್ಲ. ಆರು ಮೀಟರ್ ನೀರಿಗೆ ಸುಮಾರು 30 ಮೀಟರ್ ಸರಪಳಿ. ರಾತ್ರಿ ಗಾಳಿಯ ದಿಕ್ಕು ಬದಲಾಗುತ್ತಾ ಇರುತ್ತದೆ, ದೋಣಿ ಅದಕ್ಕೆ ತಕ್ಕ ಹಾಗೆ ಸುತ್ತುತ್ತದೆ. ಕೆಳಗೆ ಆ ಕಬ್ಬಿಣದ ಸರಪಳಿ ನೆಲ ಗುಡಿಸಿದ ಹಾಗೆ ಹುಲ್ಲಿನ ಮೇಲೆ ಎಳೆದಾಡುತ್ತದೆ. ಮೇಲೆ ನಾವು ಮಲಗಿ ನಕ್ಷತ್ರ ನೋಡುತ್ತಿರುತ್ತೇವೆ. ಒಂದು ದೋಣಿಯಾದರೆ ಒಂದು ಮಾತು. ಬೇಸಿಗೆಯಲ್ಲಿ ಒಂದೊಂದು ಕೊಲ್ಲಿಯಲ್ಲಿ ಎಷ್ಟು ದೋಣಿ ನಿಲ್ಲುತ್ತವೆ ಅಂತ ನೋಡಿದವರಿಗೆ ಗೊತ್ತು.

ಮಯೋರ್ಕಾ, ಇಬಿಝಾ ಎಲ್ಲ ಸೇರಿದ ಬಲಿಯಾರಿಕ್ ದ್ವೀಪಗಳ ಸರ್ಕಾರ 2018ರಲ್ಲಿ ಪೊಸಿಡೋನಿಯಾ ಮೇಲೆ ಲಂಗರು ಹಾಕುವುದನ್ನು ನಿಷೇಧಿಸಿತು. ಅಂದರೆ ನಾವು ಮಾಡಿದ್ದು ಕಾನೂನಿಗೂ ವಿರುದ್ಧ. ನಮಗೆ ಯಾರೂ ಹೇಳಿರಲಿಲ್ಲ, ನಿಜ. ನಾವೂ ಕೇಳಿರಲಿಲ್ಲ. ದೋಣಿ ಬಾಡಿಗೆಗೆ ಕೊಟ್ಟವರು ಟಾಯ್ಲೆಟ್ಟಿನ ಪಂಪು ಹೇಗೆ ಒತ್ತಬೇಕು ಅಂತ ಹದಿನೈದು ನಿಮಿಷ ವಿವರಿಸಿದ್ದರು. ಹುಲ್ಲಿನ ಬಗ್ಗೆ ಒಂದು ಮಾತೂ ಬರಲಿಲ್ಲ. ನನಗೆ ಈಗಲೂ ಸಿಟ್ಟು ಬರುವುದು ಅಲ್ಲೇ. ಎರಡು ನಿಮಿಷದ ಮಾತು ಅದು.

ಈ ಸಲ ನಾವು ನಾಲ್ಕು ಜನ, ಜೊತೆಗೆ ದೋಣಿ ನಡೆಸಲು ಮಯೋರ್ಕಾದವರೇ ಆದ ಒಬ್ಬ ಸ್ಕಿಪ್ಪರ್. ಅರವತ್ತು ದಾಟಿದವರು. ಮಾತು ಕಡಿಮೆ. ಮಯೋರ್ಕಾದ ದೊಡ್ಡ ಊರು ಪಾಲ್ಮಾದಿಂದ ಹೊರಡುವ ದಿನ ಬೆಳಗ್ಗೆಯೇ ನಾವು ತಯಾರಾಗಿ ಕೂತರೆ ಅವರು "ಎಂಬಾಟ್ ಬರಲಿ" ಅಂದರು. ಬೇಸಿಗೆಯಲ್ಲಿ ನೆಲ ಕಾದ ಮೇಲೆ ಕಡಲಿನಿಂದ ಬೀಸುವ ಗಾಳಿಗೆ ಅಲ್ಲಿಯವರು ಎಂಬಾಟ್ ಅನ್ನುತ್ತಾರೆ. ನನಗೆ ಅಜ್ಜನ ನೆನಪಾಯಿತು. ಅಜ್ಜ ಮಂಗಳೂರಿನ ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ ಸಾಮಾನು ತುಂಬಿಸುವ ಕೆಲಸದಲ್ಲಿದ್ದರು. "ಮಂಜಿ ಯಾವಾಗ ಹೊರಡ್ತದೆ ಅಜ್ಜ?" ಅಂತ ಕೇಳಿದರೆ ಯಾವತ್ತೂ ದಿನ ಹೇಳುತ್ತಿರಲಿಲ್ಲ. "ಗಾಳಿ ನೋಡಿ ಹೇಳ್ತೇನೆ ಮಗಾ" ಅನ್ನುತ್ತಿದ್ದರು.

ಮಧ್ಯಾಹ್ನ ಎಂಬಾಟ್ ಬಂತು. ಹಾಯಿ ಬಿಚ್ಚಿ ಎಂಜಿನ್ ಆಫ್ ಮಾಡಿದ ಆ ಕ್ಷಣ ಇದೆಯಲ್ಲ, ಅದಕ್ಕಾಗಿಯೇ ನಾನು ಹಾಯಿದೋಣಿಗೆ ಮತ್ತೆ ಮತ್ತೆ ಹೋಗುವುದು. ದಡದಡ ನಿಂತು ನೀರಿನ ಸದ್ದು ಮಾತ್ರ ಉಳಿಯುತ್ತದೆ. ಐದಾರು ನಾಟ್ ವೇಗ, ಗಂಟೆಗೆ ಹತ್ತು ಕಿಲೋಮೀಟರ್ ಅನ್ನಿ. ಸೈಕಲ್ಲಿಗಿಂತ ನಿಧಾನ. ಒಳಗೆ ಅಲೆಗೆ ತಕ್ಕಂತೆ ತೊಟ್ಟಿಲ ಹಾಗೆ ತೂಗುವ ಒಲೆಯ ಮೇಲೆ ನಾನು ಸಜ್ಜಿಗೆ ಮಾಡಿದೆ. ಸ್ಕಿಪ್ಪರ್ ಎರಡು ಸಲ ಹಾಕಿಸಿಕೊಂಡರು.

ಮೊದಲ ರಾತ್ರಿ ಕಬ್ರೇರಾ. ಮಯೋರ್ಕಾದ ದಕ್ಷಿಣಕ್ಕಿರುವ ಚಿಕ್ಕ ದ್ವೀಪ, 1991ರಿಂದ ರಾಷ್ಟ್ರೀಯ ಉದ್ಯಾನ. ಮೇಲೆ ಒಂದು ಹಳೇ ಕೋಟೆ, ಕೆಳಗೆ ಮೂರು ಕಡೆ ಗುಡ್ಡ ಸುತ್ತಿದ ಬಂದರು. ಈ ದ್ವೀಪಕ್ಕೆ ಒಂದು ದುಃಖದ ಕಥೆಯೂ ಇದೆ. ನೆಪೋಲಿಯನ್ ಕಾಲದ ಯುದ್ಧದಲ್ಲಿ ಸೆರೆಸಿಕ್ಕ ಸಾವಿರಾರು ಫ್ರೆಂಚ್ ಸೈನಿಕರನ್ನು 1809ರಿಂದ 1814ರವರೆಗೆ ಇಲ್ಲಿ ತಂದು ಬಿಟ್ಟಿದ್ದರು. ಹಸಿವು, ಬಾಯಾರಿಕೆ, ರೋಗಗಳಿಂದ ಸಾವಿರಾರು ಜನ ಇಲ್ಲೇ ಸತ್ತರು. ಅವರ ನೆನಪಿಗೆ ಒಂದು ಕಲ್ಲಿನ ಸ್ಮಾರಕ ಇದೆ. ಅಷ್ಟು ಚೆಂದದ ಜಾಗದಲ್ಲಿ ಅದರ ಮುಂದೆ ನಿಂತಾಗ ಯಾರಿಗೂ ಮಾತು ಹೊರಡಲಿಲ್ಲ.

ಕಬ್ರೇರಾದಲ್ಲಿ ರಾತ್ರಿ ತಂಗಲು ಮೊದಲೇ ಅನುಮತಿ ಪಡೆಯಬೇಕು. ಲಂಗರು ಹಾಕುವಂತಿಲ್ಲ. ನೀರಿನ ಮೇಲೆ ತೇಲುವ ಗುಂಡುಗಳಿವೆ, ಅವನ್ನು ಕೆಳಗೆ ನೆಲಕ್ಕೆ ಗಟ್ಟಿಯಾಗಿ ಬಿಗಿದಿದ್ದಾರೆ. ದೋಣಿಯ ಹಗ್ಗ ಅದಕ್ಕೆ ಕಟ್ಟಬೇಕು. ದೋಣಿಯ ಉದ್ದಕ್ಕೆ ತಕ್ಕ ಹಾಗೆ ಗುಂಡಿನ ಬಣ್ಣ, ನಮ್ಮಂಥ ಚಿಕ್ಕ ದೋಣಿಗೆ ಬಿಳಿ. ಗುಂಡುಗಳು ಎಷ್ಟಿವೆಯೋ ಆ ರಾತ್ರಿ ಅಷ್ಟೇ ದೋಣಿ. ಜಾಗ ಸಿಗದಿದ್ದರೆ ಇನ್ನೊಂದು ದಿನ ಬನ್ನಿ ಅಷ್ಟೇ. ಬೆಳಗ್ಗೆ ಈಜುವ ಕನ್ನಡಕ ಹಾಕಿಕೊಂಡು ನೀರಿಗಿಳಿದೆ. ಕೆಳಗೆ ಹುಲ್ಲುಗಾವಲು. ಅಲೆ ಬಂದಾಗ ಪೈರಿನ ಹಾಗೆ ಎಲ್ಲವೂ ಒಟ್ಟಿಗೆ ಬಾಗುತ್ತಿತ್ತು. ಎಲೆಗಳ ನಡುವೆ ಬೆರಳುದ್ದದ ಮೀನುಗಳ ಹಿಂಡು. ನಾಲ್ಕು ವರ್ಷದ ಹಿಂದೆ ನಾನು ಕೋಲಿನಿಂದ ತಳ್ಳಿದ್ದು ಇದನ್ನೇ.

ಅಲ್ಲಿಂದ ಮಯೋರ್ಕಾದ ಪಶ್ಚಿಮ ತುದಿಗೆ ಬಂದು, ಒಂದಿಡೀ ದಿನ ಸಾಗಿ ಇಬಿಝಾ ದ್ವೀಪ ಮುಟ್ಟಿದೆವು. ಇಬಿಝಾದ ಪಾರ್ಟಿಗಳ ಬಗ್ಗೆ ನೀವು ಕೇಳಿರುತ್ತೀರಿ, ನಾನು ಬರೆಯುವಂಥದ್ದೇನೂ ಇಲ್ಲ. ಆದರೆ ಇಬಿಝಾಕ್ಕೆ 1999ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಜಾಗ ಸಿಕ್ಕಾಗ ಹಳೇ ಕೋಟೆಯ ಜೊತೆ ಈ ಹುಲ್ಲುಗಾವಲನ್ನೂ ಸೇರಿಸಿದ್ದಾರೆ. ಕೋಟೆ ಎಲ್ಲರ ಫೋಟೋದಲ್ಲೂ ಇರುತ್ತದೆ. ಹುಲ್ಲು ಯಾರ ಫೋಟೋದಲ್ಲೂ ಇರುವುದಿಲ್ಲ.

ಇಬಿಝಾದ ದಕ್ಷಿಣಕ್ಕೆ ಫೋರ್ಮೆಂಟೇರಾ ದ್ವೀಪ. ಅಲ್ಲಿ ನೀರು ಎಷ್ಟು ತಿಳಿ ಅಂದರೆ ದೋಣಿ ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತದೆ. ಆ ನೀರು ನೋಡಲೆಂದೇ ಜನ ಬರುತ್ತಾರೆ. ಅದು ತಿಳಿಯಾಗಿರುವುದರಲ್ಲಿ ಈ ಹುಲ್ಲಿನ ಪಾಲು ದೊಡ್ಡದು. ನೀರಿನಲ್ಲಿ ತೇಲುವ ಕೆಸರನ್ನು ಎಲೆಗಳು ಹಿಡಿದು ಕೆಳಗಿಳಿಸುತ್ತವೆ, ಬೇರುಗಳು ಮರಳನ್ನು ಅಲ್ಲಾಡದಂತೆ ಇಡುತ್ತವೆ. ಎಲೆಯ ಮೇಲೆ ಅಂಟಿಕೊಂಡು ಬದುಕುವ ಸಣ್ಣ ಜೀವಿಗಳ ಚಿಪ್ಪು ಪುಡಿಯಾಗಿ ಬಿಳಿ ಮರಳಿಗೂ ಸೇರುತ್ತದೆ. ಇಲ್ಲಿ ಹಲವು ಕಿಲೋಮೀಟರ್ ದೂರದ ಎಲೆಗಳನ್ನು ಪರೀಕ್ಷಿಸಿದರೆ ಜೀನ್ ಒಂದೇ, ಅಂದರೆ ಒಂದೇ ಗಿಡ ಹಬ್ಬುತ್ತಾ ಹೋಗಿದೆ. ಅದರ ವಯಸ್ಸು 80 ಸಾವಿರದಿಂದ 2 ಲಕ್ಷ ವರ್ಷ ಇರಬಹುದು ಅಂತ 2012ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಅಷ್ಟು ಹಳೆಯ ಜೀವದ ಮೇಲೆ ಒಂದು ಊಟದ ಹೊತ್ತಿಗೆ ನಿಲ್ಲಲು ಕಬ್ಬಿಣ ಎಸೆಯುವುದು ಸರಿಯಾ?

ದಡಕ್ಕೆ ಹೋದಾಗ ಇನ್ನೊಂದು ನೋಡಿದೆ. ಮರಳಿನ ಅಂಚಿನಲ್ಲಿ ಒಣಗಿದ ಎಲೆಗಳ ರಾಶಿ. ಪಕ್ಕದಲ್ಲಿದ್ದ ಪ್ರವಾಸಿಗಳು ಮೂಗು ಮುಚ್ಚಿಕೊಂಡು "ಇದನ್ನು ಯಾಕೆ ಕ್ಲೀನ್ ಮಾಡಲ್ಲ" ಅಂತ ಬೈಯುತ್ತಿದ್ದರು. ಆ ರಾಶಿಯೇ ಚಳಿಗಾಲದ ದೊಡ್ಡ ಅಲೆಗೆ ಮರಳು ಕೊಚ್ಚಿಹೋಗದಂತೆ ತಡೆಯುವುದು. ಇಲ್ಲಿಯ ಹಳೇ ಮನೆಗಳ ಚಾವಣಿಗೆ ಈ ಒಣ ಎಲೆಯ ಪದರ ಹಾಕುತ್ತಿದ್ದರು, ಬಿಸಿಲು ಒಳಗೆ ಬರದಿರಲಿ ಅಂತ. ಫೋರ್ಮೆಂಟೇರಾದ ಸಾಂತ್ ಫೆರಾನ್ ಊರಿನಲ್ಲಿ ಸರ್ಕಾರ ಕಟ್ಟಿಸಿದ 14 ಮನೆಗಳ ಚಾವಣಿಗೂ ಅದನ್ನೇ ಬಳಸಿದ್ದಾರೆ. ಅಜ್ಜಂದಿರಿಗೆ ಗೊತ್ತಿದ್ದ ಕೆಲಸ ಮತ್ತೆ ಬಂತು ಅಂತ ಕೇಳಿ ನಿಜಕ್ಕೂ ಖುಷಿಯಾಯಿತು.

ಈ ನಿಷೇಧದ ಬಗ್ಗೆ ದೋಣಿ ಇರುವವರಿಗೆ ತಕರಾರು ಇದೆ. ತೇಲುಗುಂಡುಗಳು ಸಾಲುವುದಿಲ್ಲ, ಅದಕ್ಕೂ ದುಡ್ಡು ಕೊಡಬೇಕು, ಗಾಳಿ ಜೋರಾದರೆ ಎಲ್ಲಿ ಹೋಗುವುದು ಅಂತ ಕೇಳುತ್ತಾರೆ. ಬಿರುಗಾಳಿಯ ಮಾತು ನ್ಯಾಯವಾದದ್ದೇ, ಆಗ ಮೊದಲು ಜೀವ ಉಳಿಸಿಕೊಳ್ಳಬೇಕು. ಉಳಿದದ್ದನ್ನು ನಾನು ಒಪ್ಪುವುದಿಲ್ಲ. ಒಂದು ವಾರಕ್ಕೆ ಸಾವಿರಾರು ಯೂರೋ ಕೊಟ್ಟು ದೋಣಿ ಹಿಡಿಯುವ ನಮಗೆ ಒಂದು ರಾತ್ರಿಯ ಗುಂಡಿನ ದುಡ್ಡು ಭಾರ ಆಗಬಾರದು. ಜಾಗ ಇಲ್ಲದಿದ್ದರೆ ದೋಣಿಗಳು ಕಡಿಮೆಯಾಗಲಿ. ಕಬ್ರೇರಾದ ಲೆಕ್ಕ ಎಲ್ಲ ಕೊಲ್ಲಿಗಳಿಗೂ ಬರಲಿ ಅಂತ ನನ್ನ ಆಸೆ, ಆಗ ನನಗೇ ಜಾಗ ಸಿಗದೆ ಹೋದರೂ ಪರವಾಗಿಲ್ಲ. ಯುರೋಪಿನಲ್ಲಿರುವ ನಮ್ಮ ಕನ್ನಡದವರು ಈಗ ಗುಂಪು ಕಟ್ಟಿಕೊಂಡು ಹಾಯಿದೋಣಿಗೆ ಹೋಗುವುದು ಜಾಸ್ತಿಯಾಗಿದೆ. ದಯವಿಟ್ಟು ಬುಕ್ ಮಾಡುವಾಗಲೇ ಸ್ಕಿಪ್ಪರ್ ಹತ್ತಿರ ಕೇಳಿ, ಲಂಗರು ಎಲ್ಲಿ ಹಾಕುತ್ತೀರಿ ಅಂತ. ಹುಲ್ಲು ಎಲ್ಲಿದೆ ಅಂತ ತೋರಿಸುವ ಮ್ಯಾಪು ಫೋನಿನಲ್ಲೇ ಸಿಗುತ್ತದೆ. ಬರಿಗಣ್ಣಿಗೂ ತಿಳಿಯುತ್ತದೆ. ತೆಳು ನೀಲಿ ಕಂಡರೆ ಮರಳು, ಕಪ್ಪು ಕಂಡರೆ ಸಾಮಾನ್ಯವಾಗಿ ಹುಲ್ಲು. ಅದಕ್ಕೇ ಸೂರ್ಯ ಮೇಲಿರುವಾಗಲೇ ಕೊಲ್ಲಿ ಮುಟ್ಟಬೇಕು. ನಾವು ಅವತ್ತು ತಪ್ಪಿದ್ದು ಇಲ್ಲೇ, ಕತ್ತಲಲ್ಲಿ ಎಲ್ಲವೂ ಕಪ್ಪೇ.

ಕೊನೆಯ ರಾತ್ರಿ ಎಸ್ಪಲ್ಮಡೋರ್ ದ್ವೀಪದ ಹತ್ತಿರ ನಿಂತೆವು. ಮಧ್ಯಾಹ್ನ ಮೂರಕ್ಕೇ ಮುಟ್ಟಿದ್ದೆವು. ಸ್ಕಿಪ್ಪರ್ ನನ್ನನ್ನು ದೋಣಿಯ ಮುಂದೆ ನಿಲ್ಲಿಸಿ ನೀರಿನ ಬಣ್ಣ ನೋಡಿ ಕೈ ತೋರಿಸಲು ಹೇಳಿದರು. ನಾನು ಎಡಕ್ಕೆ, ಬಲಕ್ಕೆ, ಇನ್ನೂ ಮುಂದೆ ಅಂತ ಕೈ ಮಾಡಿದೆ. ಸರಪಳಿ ಸುತ್ತುವಷ್ಟು ದೊಡ್ಡ ಮರಳಿನ ಜಾಗ ಸಿಗಲು ಮುಕ್ಕಾಲು ಗಂಟೆ ಹಿಡಿಯಿತು. ಐದು ಮೀಟರ್ ನೀರು. ಲಂಗರು ಬಿಟ್ಟ ಮೇಲೆ ಕನ್ನಡಕ ಹಾಕಿಕೊಂಡು ಧುಮುಕಿ, ಸರಪಳಿಯ ಮೇಲೆಯೇ ಈಜುತ್ತಾ ತುದಿಯವರೆಗೆ ಹೋದೆ. ಲಂಗರು ಅರ್ಧ ಮರಳಿನೊಳಗೆ ಹೂತು ಕೂತಿತ್ತು. ಹುಲ್ಲಿನ ಅಂಚು ಅಲ್ಲಿಂದ ಚೆನ್ನಾಗಿಯೇ ದೂರ ಇತ್ತು. ಮೇಲೆ ಬಂದು ಹೆಬ್ಬೆರಳು ತೋರಿಸಿದೆ. ಸ್ಕಿಪ್ಪರ್ ತಲೆಯಾಡಿಸಿ ಎಂಜಿನ್ ಆಫ್ ಮಾಡಿದರು.