ಕೆಂಪು ಬರಲಿ, ಹಾಡುತ್ತೇನೆ

ಕತ್ತರಿ ಕಾಣೆಯಾಗಿದೆ. ದರ್ಜಿಯ ಕತ್ತರಿಯಲ್ಲ. ನನ್ನ ಧ್ವನಿಮುದ್ರಣ ತಂತ್ರಾಂಶದ ಎಡಮೂಲೆಯಲ್ಲಿ ವರ್ಷಗಟ್ಟಲೆಯಿಂದ ಕಾಲು ಅಗಲಿಸಿಕೊಂಡು ನಿಂತಿದ್ದ ಪುಟ್ಟ ಕತ್ತರಿ. ಗಾಯಕರು ಪಲ್ಲವಿಯ ನಡುವೆ ಕೆಮ್ಮಿದರೆ, ಕೆಮ್ಮಿನ ಈಚೆಗೊಂದು ಆಚೆಗೊಂದು ಗೆರೆ ಎಳೆದು ಎತ್ತಿ ಎಸೆಯಲು ಅದೇ ಬೇಕು. ಕಳೆದ ವಾರ ಕಂಪ್ಯೂಟರ್ ತೆರೆದರೆ ಕತ್ತರಿ ಇಲ್ಲ. ಅದರ ಪಕ್ಕದಲ್ಲಿದ್ದ ಅಂಟಿನ ಬಾಟಲಿ ಇಲ್ಲ, ರಬ್ಬರ್ ಇಲ್ಲ, ಪೆನ್ಸಿಲ್ ಇಲ್ಲ. ಇಡೀ ಪರದೆ ಬೂದಿ ಬಳಿದುಕೊಂಡು ಕುಳಿತಿದೆ. ನಡುವೆ ಒಂದು ಸಾಲು: ‘ನಿಮಗಾಗಿ ಎಲ್ಲವನ್ನೂ ಹೊಸದಾಗಿ ರೂಪಿಸಿದ್ದೇವೆ!’

ಯಾರು ಕೇಳಿದ್ದರು? ಹಿಂದಿನ ರಾತ್ರಿ ಹೊಸ ಆವೃತ್ತಿ ಹಾಕಲೇ ಎಂದು ತಂತ್ರಾಂಶ ಕೇಳಿದಾಗ ‘ಈಗ ಬೇಡ’ ಎಂಬುದನ್ನು ಒತ್ತಿಯೇ ಮಲಗಿದ್ದೆ. ಬೆಳಗಾಗುವುದರೊಳಗೆ ಅದರ ಪ್ರಕಾರ ‘ಈಗ’ ಮುಗಿದಿತ್ತು.

ಮೈಸೂರಿನಲ್ಲಿ ನಮ್ಮ ಮನೆಯ ಮಹಡಿಯ ಮೇಲಿನ ಒಂದು ಕೋಣೆಗೆ ರಜಾಯಿ ಹೊಡೆದು ಸ್ಟುಡಿಯೊ ಎಂದು ಕರೆಯುತ್ತಿದ್ದೇನೆ. ಭಾವಗೀತೆ, ದೇವರನಾಮ, ಶಾಲೆಯ ವಾರ್ಷಿಕೋತ್ಸವದ ಸ್ವಾಗತಗೀತೆ, ಚುನಾವಣೆ ಬಂದರೆ ಆಟೊ ಮೇಲೆ ಕೂಗುವ ಪ್ರಚಾರದ ಹಾಡು, ಯಾವುದಕ್ಕೂ ಇಲ್ಲವೆನ್ನುವುದಿಲ್ಲ. ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಆದ್ದರಿಂದ ಕೆಲಸವೆಲ್ಲ ಬೆರಳಿನಲ್ಲಿರಬೇಕು, ತಲೆಯಲ್ಲಿದ್ದರೆ ತಡವಾಗುತ್ತದೆ. ಮೂರರ ಕೀಲಿ ಒತ್ತಿದರೆ ಕತ್ತರಿ ಎಂಬುದು ನನ್ನ ಎಡಗೈಗೆ ಗೊತ್ತಿತ್ತೇ ಹೊರತು ನನಗಲ್ಲ. ಈಗ ಮೂರು ಒತ್ತಿದರೆ ಅಂಗಡಿ ತೆರೆದುಕೊಳ್ಳುತ್ತದೆ. ಹೊಸ ಹೊಸ ವಾದ್ಯಗಳ ನಾದವನ್ನು ತಿಂಗಳ ಕಂತಿನಲ್ಲಿ ಕೊಳ್ಳಬಹುದಂತೆ. ಕೆಮ್ಮು ಕತ್ತರಿಸಲು ಹೋದವನಿಗೆ ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್ ಮಾರಲು ಬರುತ್ತಾರೆ. ಒಲೆಯ ಮೇಲೆ ಎಣ್ಣೆ ಕಾದು ಹೊಗೆಯಾಡುವಾಗ ಯಾರೋ ಸಾಸಿವೆ ಡಬ್ಬಿಯ ಜಾಗ ಬದಲಿಸಿ, ‘ಹೇಗಿದೆ, ಚೆನ್ನಾಗಿದೆಯೇ?’ ಎಂದು ಕೇಳಿದರೆ ಏನನ್ನಿಸಬೇಕೋ ಅದೇ ಅನ್ನಿಸಿತು.

ಆ ಕತ್ತರಿ, ಅಂಟು ಯಾರೋ ತಮಾಷೆಗೆ ಬರೆದಿಟ್ಟ ಚಿತ್ರಗಳಲ್ಲ. ಟೇಪಿನ ಕಾಲದಲ್ಲಿ ಬ್ಲೇಡಿನಿಂದ ಟೇಪನ್ನು ಓರೆಯಾಗಿ ಕುಯ್ದು, ಬೇಡದ ತುಂಡನ್ನು ತೆಗೆದು, ತುದಿಗೆ ತುದಿ ಅಂಟಿಸುತ್ತಿದ್ದರು. ಆ ಕೈಕೆಲಸವೇ ಪರದೆಯ ಮೇಲೆ ಚಿತ್ರವಾಗಿ ಉಳಿದಿತ್ತು. 1989ರಲ್ಲಿ ಅಟಾರಿ ಕಂಪ್ಯೂಟರಿಗೆ ಬಂದ ಕ್ಯೂಬೇಸ್ ಎಂಬ ಸಂಗೀತ ತಂತ್ರಾಂಶ, ಹಾಡನ್ನು ಎಡದಿಂದ ಬಲಕ್ಕೆ ಹರಿಯುವ ಪಟ್ಟಿಗಳಾಗಿ ತೋರಿಸಿತು. ಆಮೇಲೆ ಬಂದವರು ಬಹುಮಟ್ಟಿಗೆ ಅದೇ ದಾರಿ ಹಿಡಿದರು. ಯಾರೂ ಸೋಮಾರಿಗಳಾಗಿರಲಿಲ್ಲ, ಸರಿಯಾಗಿದ್ದದ್ದನ್ನು ಸರಿಯಾಗಿಯೇ ಬಿಟ್ಟಿದ್ದರು, ಅಷ್ಟೆ. ಇನ್ನು ನನ್ನ ಹಳೆಯ ಕೀಬೋರ್ಡನ್ನು ನೋಡಿ. ವಾದ್ಯಗಳು ಒಂದಕ್ಕೊಂದು ಸಂಕೇತ ಕಳುಹಿಸುವ ಮಿಡಿ ಎಂಬ ಭಾಷೆಯನ್ನು ಐದು ಪಿನ್ನಿನ ಕೇಬಲ್ಲಿನಲ್ಲಿ ಇಂದಿಗೂ ಮಾತನಾಡುತ್ತದೆ. 1983ರ ಜನವರಿಯಲ್ಲಿ, ಅಮೆರಿಕದ ಒಂದು ವಾದ್ಯ ಪ್ರದರ್ಶನದಲ್ಲಿ ಎರಡು ಪ್ರತಿಸ್ಪರ್ಧಿ ಕಂಪನಿಗಳ ಸಿಂತಸೈಸರ್‌ಗಳನ್ನು ಇದೇ ಬಗೆಯ ಕೇಬಲ್ಲಿನಲ್ಲಿ ಜೋಡಿಸಿ ತೋರಿಸಿದ್ದರು. ಒಂದರಲ್ಲಿ ನುಡಿಸಿದರೆ ಇನ್ನೊಂದು ನುಡಿಯಿತು. ಕೀಲಿಯನ್ನು ಎಷ್ಟು ಬಲವಾಗಿ ಒತ್ತಿದಿರಿ ಎಂಬುದಕ್ಕೆ ಅಂದು 127ರವರೆಗೆ ಅಂಕ, ಇಂದಿಗೂ ನನ್ನ ಕೀಬೋರ್ಡಿನಲ್ಲಿ ಅಷ್ಟೇ. ಆಮೇಲೆ ಮಿಡಿಗೆ ಹೊಸ ಆವೃತ್ತಿ ಬಂದಿದೆ, ನಿಜ. ಆದರೆ ಅದು ಹಳೆಯದನ್ನು ಮನೆಯಿಂದ ಹೊರಗೆ ಹಾಕಲಿಲ್ಲ.

ಇದನ್ನೆಲ್ಲ ಮೇಷ್ಟ್ರಿಗೆ ಹೇಳಿ ಪ್ರಯೋಜನವಿರಲಿಲ್ಲ. ಅವರಿಗೆ ಬೇಕಾಗಿದ್ದು ಕೆಂಪು ದೀಪ.

ಮೇಷ್ಟ್ರು ನಿವೃತ್ತ ಗಣಿತ ಅಧ್ಯಾಪಕರು. ಸ್ವಂತ ರಚನೆಯ ದೇವರನಾಮಗಳನ್ನು ಒಂದೂವರೆ ಮನೆ ಶ್ರುತಿಯಲ್ಲಿ ತಾವೇ ಹಾಡಿ ಮುದ್ರಿಸಿಕೊಂಡು, ಮೊಮ್ಮಕ್ಕಳಿಗೆ ಕಳುಹಿಸುತ್ತಾರೆ. ಹರೆಯದಲ್ಲಿ ಆಕಾಶವಾಣಿಯಲ್ಲಿ ಹಾಡಿದವರು. ಮೈಸೂರಿನವರಿಗೆ ಆಕಾಶವಾಣಿಯ ಹೆಮ್ಮೆ ತುಸು ಹೆಚ್ಚು. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಆರಂಭಿಸಿದ ಊರಲ್ಲವೇ? ಆಕಾಶವಾಣಿಯಲ್ಲಿ ಮೇಷ್ಟ್ರು ಕಲಿತ ಶಿಸ್ತು ಒಂದೇ: ಕೆಂಪು ಹೊತ್ತಿದರೆ ಹಾಡಬೇಕು, ಆರಿದರೆ ಮಾತನಾಡಬಹುದು. ನನ್ನ ಹಳೆಯ ಪರದೆಯಲ್ಲಿ ಮುದ್ರಣ ಶುರುವಾದರೆ ಕೆಂಪು ಗುಂಡಿ ಬೆಳಗುತ್ತಿತ್ತು. ಅದನ್ನು ನೋಡಿ ಗಂಟಲು ಸರಿಮಾಡಿಕೊಂಡು ಎತ್ತುಗಡೆ ಮಾಡುತ್ತಿದ್ದರು.

ಹೊಸ ರೂಪದಲ್ಲಿ ಕೆಂಪೇ ಇಲ್ಲ. ಮುದ್ರಣ ನಡೆಯುವಾಗ ಪರದೆಯ ಅಂಚಿನಲ್ಲಿ ಕೂದಲೆಳೆಯಂಥ ಒಂದು ಗೆರೆ ತಿಳಿಗುಲಾಬಿ ಬಣ್ಣದಲ್ಲಿ ಮೆಲ್ಲಗೆ ಉಸಿರಾಡುತ್ತದೆ. ಕೆಂಪು ಬಣ್ಣ ಕಲಾವಿದರ ಮೇಲೆ ಒತ್ತಡ ಹೇರುತ್ತದೆ ಎಂದು ಒಂದು ಸಲಹೆಯ ಪೆಟ್ಟಿಗೆ ತಿಳಿಸಿತು. ಆ ಪೆಟ್ಟಿಗೆಯನ್ನು ಮುಚ್ಚಿದರೆ ಇನ್ನೊಂದು ಬಂತು.

‘ಹಾಡಿ ಮೇಷ್ಟ್ರೇ, ಮುದ್ರಣವಾಗುತ್ತಿದೆ’ ಎಂದೆ.

‘ಕೆಂಪು ಬರಲಿ, ಹಾಡುತ್ತೇನೆ.’

‘ಈಗ ಕೆಂಪು ಬರುವುದಿಲ್ಲ. ಅಗೋ, ಆ ಗೆರೆ...’

‘ಯಾವ ಗೆರೆ?’ ಎಂದು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ‘ಗೆರೆಯೂ ಇಲ್ಲ, ಗೀಟೂ ಇಲ್ಲ.’

ತಂಬೂರಿ ಪೆಟ್ಟಿಗೆ ಮಿಡಿಯುತ್ತಲೇ ಇತ್ತು, ಗಂಟೆಯೂ ಓಡುತ್ತಿತ್ತು. ಕೆಳಗೆ ಇಳಿದುಹೋಗಿ, ಹೆಂಡತಿಯ ಕನ್ನಡಿಯ ಅಂಚಿನಲ್ಲಿ ಅಂಟಿಸಿದ್ದ ದೊಡ್ಡ ಕೆಂಪು ಬಿಂದಿಯನ್ನು ಕಿತ್ತು ತಂದು ಪರದೆಯ ಮೇಲೆ ಅಂಟಿಸಿದೆ. ಮೇಷ್ಟ್ರ ಮುಖ ಅರಳಿತು. ಕಣ್ಣು ಮುಚ್ಚಿ, ಕೈಯಲ್ಲಿ ತಾಳ ಹಿಡಿದು, ಬಹಳ ಚೆನ್ನಾಗಿ ಹಾಡಿದರು.

ಹಾಡು ಮುಗಿಯಿತು. ಮೇಷ್ಟ್ರು ಮಾತಿಲ್ಲದೆ ಕುಳಿತರು. ‘ಚೆನ್ನಾಗಿ ಬಂತು ಮೇಷ್ಟ್ರೇ’ ಎಂದೆ. ತುಟಿಯ ಮೇಲೆ ಬೆರಳಿಟ್ಟು, ಕಣ್ಣಿನಲ್ಲೇ ಬಿಂದಿಯನ್ನು ತೋರಿಸಿದರು. ಮುಗಿಯಿತು, ಇನ್ನು ಮಾತನಾಡಬಹುದು ಎಂದರೂ ಇಲ್ಲ. ಕೆಂಪು ಹೊತ್ತಿದೆ! ಹಾಡಿನ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ‘ನೀರು’ ಎಂದು ಬರೆದು ನನ್ನತ್ತ ಹಿಡಿದರು. ಬೇರೆ ದಾರಿ ಕಾಣದೆ ಹೆಬ್ಬೆರಳಿನಿಂದ ಬಿಂದಿಯನ್ನು ಮುಚ್ಚಿದೆ. ತಕ್ಷಣ ಮೇಷ್ಟ್ರು ಬಾಯಿ ತೆರೆದರು. ನೀರು ಕೇಳಿದರು, ಫ್ಯಾನ್ ಏಕೆ ಹಾಕಿಲ್ಲವೆಂದು ಕೇಳಿದರು, ತಮ್ಮ ಅಳಿಯ ಸೈಟು ಕೊಂಡು ಮೋಸಹೋದ ಕಥೆಯನ್ನು ಬುಡದಿಂದ ಆರಂಭಿಸಿದರು. ಬೆರಳು ನೊಂದು ತುಸು ಸಡಿಲಿಸಿದರೆ ಅಳಿಯ ನಡುದಾರಿಯಲ್ಲೇ ನಿಂತುಬಿಡುತ್ತಿದ್ದ. ಮತ್ತೆ ಮುಚ್ಚಿದರೆ ಉಪನೋಂದಣಾಧಿಕಾರಿಗಳ ಕಚೇರಿಗೆ ಹೊರಡುತ್ತಿದ್ದ. ನಾನು ಒಂದು ಕೈಯಲ್ಲಿ ಮೇಷ್ಟ್ರ ಮಾತಿನ ನಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕತ್ತರಿ ಹುಡುಕುತ್ತಿದ್ದೆ.

ಆ ಹೊತ್ತಿಗೆ ಹೆಂಡತಿ ಕಾಫಿ ತಂದಳು. ಪರದೆಗೆ ಹೆಬ್ಬೆಟ್ಟು ಒತ್ತಿಕೊಂಡು ಕುಳಿತ ಗಂಡನನ್ನು ಒಮ್ಮೆ ನೋಡಿದಳು. ಲೋಟ ಕೆಳಗಿಟ್ಟು, ನನ್ನ ಬೆರಳನ್ನು ಸರಿಸಿ, ‘ಇದು ಇಲ್ಲಿದೆಯೇ?’ ಎಂದು ಬಿಂದಿಯನ್ನು ಕಿತ್ತು ಹಣೆಗೆ ಇಟ್ಟುಕೊಂಡು ಇಳಿದುಹೋದಳು. ಮೇಷ್ಟ್ರು ಬಾಗಿಲಿನತ್ತಲೇ ನೋಡುತ್ತ, ‘ಕೆಂಪು ಕೆಳಗೆ ಹೋಯಿತಲ್ಲಯ್ಯಾ’ ಎಂದರು.

ಕೆಂಪು ಹೋಯಿತು, ಮುದ್ರಣ ನಿಂತಿರಲಿಲ್ಲ. ನಿಲ್ಲಿಸುವ ಗುಂಡಿ ಒತ್ತಿಯೇ ಇದ್ದೆ. ಹೊಸ ರೂಪದಲ್ಲಿ ಅದು ನುಡಿಸುವುದನ್ನು ಮಾತ್ರ ನಿಲ್ಲಿಸಿ, ‘ಸ್ಫೂರ್ತಿಯ ಒಂದು ಕ್ಷಣವೂ ಕಳೆದುಹೋಗದಿರಲಿ’ ಎಂದು ಹಿನ್ನೆಲೆಯಲ್ಲಿ ಧ್ವನಿ ಹಿಡಿಯುತ್ತಲೇ ಇರುತ್ತದಂತೆ. ಹಾಗಾಗಿ ದೇವರನಾಮದ ಬಾಲಕ್ಕೆ ಅಳಿಯನ ಸೈಟು ಸೇರಿಕೊಂಡಿತು, ‘ಇದು ಇಲ್ಲಿದೆಯೇ?’ ಕೂಡ ಸ್ಪಷ್ಟವಾಗಿ ಬಂದಿದೆ. ಕತ್ತರಿಸೋಣವೆಂದರೆ, ಹೇಳಿದೆನಲ್ಲ, ಕತ್ತರಿ ಇಲ್ಲ.

ಸಾಲದ್ದಕ್ಕೆ ಬುದ್ಧಿವಂತ ಸಹಾಯಕನೊಬ್ಬ ಒಳಗೆ ಸೇರಿಕೊಂಡಿದ್ದಾನೆ. ಮೇಷ್ಟ್ರು ಹಾಡಿದ್ದು ಮಿಶ್ರಛಾಪು, ಏಳು ಅಕ್ಷರದ ನಡೆ. ಸಹಾಯಕ ಅದನ್ನೆಲ್ಲ ಆಲಿಸಿ, ತಾಳದಲ್ಲಿ ಹಲವು ದೋಷಗಳಿವೆ ಎಂದು ತಾನೇ ಎಳೆದು ಹಿಗ್ಗಿಸಿ, ನಾಲ್ಕು ನಾಲ್ಕರ ಲೆಕ್ಕಕ್ಕೆ ಕೂರಿಸಿಕೊಟ್ಟ. ಗಮಕಗಳನ್ನು ಶ್ರುತಿದೋಷವೆಂದು ಇಸ್ತ್ರಿಯನ್ನೂ ಹಾಕಿದ್ದ. ಈ ಶ್ರುತಿ ತಿದ್ದುವ ವಿದ್ಯೆಯ ಮೂಲಪುರುಷ, 1997ರ ಆಟೊಟ್ಯೂನಿನ ಆಂಡಿ ಹಿಲ್ಡೆಬ್ರಾಂಡ್, ಅದಕ್ಕೆ ಮೊದಲು ಭೂಮಿಯೊಳಗಿನ ತೈಲ ಹುಡುಕಲು ಕಂಪನಗಳ ಲೆಕ್ಕ ಹಾಕುತ್ತಿದ್ದವರು. ನಮ್ಮ ಕಾಂಬೋಧಿ ರಾಗದಲ್ಲಿ ತೈಲವಿಲ್ಲ ಎಂದು ಯಾರಾದರೂ ಹೇಳಬಾರದೇ? ತಿದ್ದಿದ ಹಾಡನ್ನು ಕೇಳಿದ ಮೇಷ್ಟ್ರು ಒಂದೇ ಮಾತು ಕೇಳಿದರು: ‘ಏಳನ್ನು ಎಂಟು ಮಾಡಿದವನಿಗೆ ಗಣಿತ ಕಲಿಸಿದವರು ಯಾರಯ್ಯಾ?’

ಅವರು ಕಾಫಿ ಕುಡಿಯುವಾಗ, ಹಳೆಯ ಹಾಡುಗಳಾದರೂ ತೆರೆಯುತ್ತವೆಯೇ ಎಂದು ಒಂದನ್ನು ತೆರೆದು ನೋಡಿದೆ. ತೆರೆಯಿತು. ಕೆಲವು ಪ್ಲಗಿನ್‌ಗಳು, ಅಂದರೆ ತಂತ್ರಾಂಶಕ್ಕೆ ಜೋಡಿಸಿಕೊಳ್ಳುವ ಪುಟ್ಟ ಸಲಕರಣೆಗಳು, ಸಿಗಲಿಲ್ಲ ಎಂಬ ಪೆಟ್ಟಿಗೆಯೂ ಬಂತು. ಅವು ಹಳೆಯ 32 ಬಿಟ್ ಕಂಪ್ಯೂಟರುಗಳ ಕಾಲದವು, ಹೊಸ ಮನೆಯೊಳಗೆ ಅವಕ್ಕೆ ಪ್ರವೇಶವಿಲ್ಲ. ಹಾಡಿಗೆ ಗುಡಿಯೊಳಗಿನ ಪ್ರತಿಧ್ವನಿಯನ್ನು ಕೊಡುತ್ತಿದ್ದ ರಿವರ್ಬ್ ಅವುಗಳಲ್ಲೊಂದು. ಅದಿಲ್ಲದೆ ಮೃದಂಗ ಒಣಗಿ ತೀರಾ ಹತ್ತಿರದಿಂದ ಕೇಳಿಸಿತು. ಅದನ್ನು ನುಡಿಸಿದ ವಿದ್ವಾಂಸರು ಈಗಿಲ್ಲ. ಕೊನೆಯ ಮುಕ್ತಾಯದ ನಂತರ, ಮೊದಲು ರಿವರ್ಬಿನಲ್ಲಿ ಮುಳುಗಿಹೋಗುತ್ತಿದ್ದ ಜಾಗದಲ್ಲಿ, ಅವರು ಮೆಲ್ಲಗೆ ‘ಇನ್ನೊಂದು ಸಲ ನೋಡೋಣವೇ?’ ಎಂದು ಕೇಳುವುದಿದೆ. ಅಂದು ಹೊತ್ತಾಯಿತೆಂದು ನೋಡಿರಲಿಲ್ಲ. ಕಡತವನ್ನು ಹೊಸ ರೂಪದಲ್ಲಿ ಉಳಿಸಲೇ ಎಂದು ತಂತ್ರಾಂಶ ಕೇಳಿತು. ಬೇಡವೆಂದೆ. ಒಮ್ಮೆ ಹಾಗೆ ಉಳಿಸಿದರೆ ಹಳೆಯ ಆವೃತ್ತಿಯಲ್ಲಿ ಮತ್ತೆ ತೆರೆಯಲು ಬರುವುದಿಲ್ಲ.

ಕಾಫಿ ಮುಗಿಸಿದ ಮೇಷ್ಟ್ರು ‘ನೀರು’ ಎಂದು ಬರೆದ ಅದೇ ಹಾಳೆಯನ್ನು ಮುಂದಿಟ್ಟರು. ಕೆಳಗೆ ಅಚ್ಚುಕಟ್ಟಾಗಿ ಗೀಟು ಹಾಕಿ ಎರಡು ಕಾಲಂ ಮಾಡಿದ್ದರು: ‘ಹಾಡಿದ್ದು’, ‘ಹುಡುಕಿದ್ದು’. ಎರಡನೆಯದು ಹಾಳೆಯ ತುದಿಯವರೆಗೆ ಇಳಿದಿತ್ತು. ಮೊದಲ ಕಾಲಮಿನ ಹಣವನ್ನು ಎಣಿಸಿ ಕೊಟ್ಟರು.

‘ಮೇಷ್ಟ್ರೇ, ಗಂಟೆಯ ಲೆಕ್ಕ...’

‘ಗಂಟೆಯ ಲೆಕ್ಕವೇ ಇದು. ನೀನು ಹುಡುಕಿದ್ದಕ್ಕೆ ನಾನೇಕೆ ಕೊಡಲಿ? ಬಚ್ಚಿಟ್ಟವರಿಂದ ವಸೂಲಿ ಮಾಡಬೇಕು. ಅವರ ವಿಳಾಸ ಕೊಡು, ಕಾಗದ ಬರೆಯುತ್ತೇನೆ.’

ಕೊಟ್ಟೆ. ಸ್ಪೀಡ್ ಪೋಸ್ಟಿನಲ್ಲಿ, ಎರಡೂ ಕಾಲಮಿನ ನಕಲು ಲಗತ್ತಿಸಿ, ಸರಳಬಡ್ಡಿಯ ಸೂತ್ರವನ್ನೂ ಬರೆದು ಕಳುಹಿಸಿದ್ದಾರೆ. ಕೆಂಪು ಶಾಯಿಯಲ್ಲಿ.